ಚಾವಡಿಯ ನಾಲ್ಕು ರಿಮೋಟ್‌ಗಳ ಕೆಲಸಕ್ಕೆ ಒಂದೇ ರಿಮೋಟ್: ಹೊಂದಿಸುವ ಕ್ರಮ

ಮಂಗಳೂರು, ಉಡುಪಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಟಿವಿಗೊಂದು, ಸೆಟ್‌ಟಾಪ್ ಬಾಕ್ಸ್‌ಗೊಂದು, ಸೌಂಡ್‌ಬಾರ್‌ಗೊಂದು, ಎಸಿಗೊಂದು ಎಂದು ಮನೆ ತುಂಬ ರಿಮೋಟ್‌ಗಳಿವೆ, ಇವನ್ನೆಲ್ಲ ಒಂದಕ್ಕೆ ಇಳಿಸಲು ಸಾಧ್ಯವೇ? ಕೇಳುವವರಲ್ಲಿ ಬಹಳ ಮಂದಿ ಊರಿನಲ್ಲಿಲ್ಲ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ದುಬೈ, ಮಸ್ಕತ್‌ಗಳಲ್ಲೋ ದುಡಿಯುತ್ತಿದ್ದಾರೆ. ಊರ ಮನೆಯಲ್ಲಿ ತಂದೆ ತಾಯಿ ಇಬ್ಬರೇ. ರಜೆಯಲ್ಲಿ ಬಂದಾಗ ದೊಡ್ಡ ಟಿವಿ ತಂದು ಗೋಡೆಗೆ ಹಾಕಿ ಹೋಗಿದ್ದಾರೆ. ಆದರೆ ಸಂಜೆ ವಾರ್ತೆ ಹಾಕಲು, ಒಂದು ಆಟ ನೋಡಲು, ಮೊದಲು ಯಾವ ರಿಮೋಟ್ ಹಿಡಿಯಬೇಕೆಂಬುದೇ ಅಮ್ಮನಿಗೆ ಗೊಂದಲ. ಗೊತ್ತಿಲ್ಲದೆ ಒಂದು ಗುಂಡಿ ಒತ್ತಿದರೆ ಪರದೆಯಲ್ಲಿ ‘ಸಿಗ್ನಲ್ ಇಲ್ಲ’ ಎಂದು ಬರುತ್ತದೆ. ಪಕ್ಕದ ಮನೆಯ ಹುಡುಗ ಶಾಲೆಯಿಂದ ಬರುವವರೆಗೆ ಟಿವಿ ಹಾಗೆಯೇ ಇರುತ್ತದೆ.

ಉತ್ತರ: ಸಾಧ್ಯ, ಬಹುಮಟ್ಟಿಗೆ. ಆದರೆ ಅಂಗಡಿಯಲ್ಲಿ ಸಿಗುವ ಯೂನಿವರ್ಸಲ್ ರಿಮೋಟ್ ತಂದು ಕೈಗೆ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಹೊಂದಿಸದ ಯೂನಿವರ್ಸಲ್ ರಿಮೋಟ್ ಎಂದರೆ ಮನೆಗೆ ಬಂದ ಐದನೆಯ ರಿಮೋಟ್, ಅಷ್ಟೇ. ಅದನ್ನು ಬಳಸುವವರು ಯಾರು, ಅವರು ದಿನವೂ ಒತ್ತುವ ಗುಂಡಿಗಳು ಯಾವುವು ಎಂದು ನೋಡಿಕೊಂಡು ಹೊಂದಿಸಬೇಕು. ಹದಿನೈದು ಸಾಧನಗಳನ್ನು ನಡೆಸಬಲ್ಲದು ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದರಿಂದ ಅಮ್ಮನಿಗೆ ಏನೂ ಆಗಬೇಕಾಗಿಲ್ಲ. ಅವರಿಗೆ ಬೇಕಾದ ಏಳೆಂಟು ಗುಂಡಿಗಳು ಪ್ರತಿ ಸಲವೂ ತಪ್ಪದೆ ಕೆಲಸ ಮಾಡಿದರೆ ಸಾಕು.

ರಿಮೋಟ್ ಕೆಲಸ ಮಾಡುವ ಬಗೆ

ಮುಂದಿನ ಹಂತಗಳು ಅರ್ಥವಾಗಲು ಇಷ್ಟು ತಿಳಿದಿರಬೇಕು. ಹೆಚ್ಚಿನ ರಿಮೋಟ್‌ಗಳ ಮೂತಿಯಲ್ಲಿ ಸಣ್ಣ ಎಲ್‌ಇಡಿ ಇರುತ್ತದೆ. ಅದು ಸುಮಾರು 940 ನ್ಯಾನೋಮೀಟರ್ ತರಂಗಾಂತರದ ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕನ್ನು ಸೂಸುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ. ಬಿಸಿಲಿನಲ್ಲೂ ಈ ಬೆಳಕು ಇರುವುದರಿಂದ ರಿಮೋಟ್ ತನ್ನ ಬೆಳಕನ್ನು ಸೆಕೆಂಡಿಗೆ 36ರಿಂದ 40 ಸಾವಿರ ಬಾರಿ ಮಿಟುಕಿಸುತ್ತದೆ. 38 ಕಿಲೋಹರ್ಟ್ಸ್ ಅತಿ ಸಾಮಾನ್ಯ. ಟಿವಿಯಲ್ಲಿರುವ ಗ್ರಾಹಕ, ಅಂದರೆ ರಿಸೀವರ್, ಆ ವೇಗದ ಮಿಟುಕನ್ನಷ್ಟೇ ಆರಿಸಿಕೊಂಡು ಉಳಿದ ಬೆಳಕನ್ನು ಬಿಟ್ಟುಬಿಡುತ್ತದೆ. ಮಿಟುಕುಗಳ ಮತ್ತು ಅವುಗಳ ನಡುವಿನ ಬಿಡುವುಗಳ ಉದ್ದ ಗಿಡ್ಡವೇ ಸಂಕೇತ. ಅದನ್ನೇ ಕೋಡ್ ಎನ್ನುತ್ತಾರೆ. ಪ್ರತಿ ಕಂಪನಿಯ ಕೋಡ್ ಬೇರೆ.

ಯೂನಿವರ್ಸಲ್ ರಿಮೋಟ್‌ಗೆ ಈ ಕೋಡ್‌ಗಳು ಎರಡು ದಾರಿಯಿಂದ ಸಿಗುತ್ತವೆ. ತಯಾರಕರು ಮೊದಲೇ ತುಂಬಿಟ್ಟದ್ದು ಒಂದು. ಇದನ್ನು ಸಿದ್ಧ ಕೋಡ್ ಎಂದು ಕರೆಯೋಣ. ಹಳೆಯ ರಿಮೋಟನ್ನು ಎದುರು ಹಿಡಿದು ನಾವೇ ನಕಲು ಮಾಡಿಸುವುದು ಇನ್ನೊಂದು. ಈ ಸಾಮರ್ಥ್ಯ ಇರುವುದಕ್ಕೆ ಲರ್ನಿಂಗ್ ರಿಮೋಟ್ ಎನ್ನುತ್ತಾರೆ. ಕೊಳ್ಳುವುದಾದರೆ ಎರಡೂ ಇರುವುದನ್ನೇ ಕೊಳ್ಳಿ.

ಹಂತ 1: ಕೊಳ್ಳುವ ಮೊದಲು, ಇರುವುದರಲ್ಲೇ ಆಗುತ್ತದೆಯೇ ನೋಡಿ

ಕರಾವಳಿಯ ಬಹಳ ಮನೆಗಳಲ್ಲಿ ಇನ್ನೂ ಕೇಬಲ್ ಸಂಪರ್ಕವಿದೆ. ದಾಯ್ಜಿವರ್ಲ್ಡ್, ನಮ್ಮ ಟಿವಿ, ವಿ4ನಂತಹ ಸ್ಥಳೀಯ ವಾಹಿನಿಗಳ ಮೇಲಿನ ಪ್ರೀತಿ ಅದಕ್ಕೊಂದು ಕಾರಣ. ಈ ಬಾಕ್ಸ್‌ಗಳ ಮತ್ತು ಡಿಟಿಎಚ್ ಬಾಕ್ಸ್‌ಗಳ ರಿಮೋಟನ್ನು ಗಮನವಿಟ್ಟು ನೋಡಿ. ಅನೇಕವುಗಳಲ್ಲಿ ಒಂದು ಮೂಲೆಯಲ್ಲಿ ಗೆರೆ ಹಾಕಿ ಬೇರ್ಪಡಿಸಿದ ನಾಲ್ಕೈದು ಗುಂಡಿಗಳಿರುತ್ತವೆ: ಟಿವಿ ಪವರ್, ಧ್ವನಿ ಹೆಚ್ಚು, ಧ್ವನಿ ಕಡಿಮೆ, ಎವಿ. ಅವು ಲರ್ನಿಂಗ್ ಗುಂಡಿಗಳು. ಟಿವಿಯ ರಿಮೋಟಿನಿಂದ ಅವಕ್ಕೆ ಕಲಿಸಿದರೆ ಸೆಟ್‌ಟಾಪ್ ಬಾಕ್ಸ್‌ನ ರಿಮೋಟ್ ಒಂದರಿಂದಲೇ ದಿನದ ಬಳಕೆ ನಡೆಯುತ್ತದೆ. ಟಿವಿ ಮತ್ತು ಬಾಕ್ಸ್ ಎರಡೇ ಇರುವ ಮನೆಗೆ ಇದಕ್ಕಿಂತ ಒಳ್ಳೆಯ ಪರಿಹಾರವಿಲ್ಲ, ಖರ್ಚೂ ಇಲ್ಲ. ಕಲಿಸುವ ಕ್ರಮ ಹಂತ 5ರಲ್ಲಿದೆ.

ಎರಡನೆಯದು ಎಚ್‌ಡಿಎಂಐ ಸಿಇಸಿ. ಎಚ್‌ಡಿಎಂಐ ತಂತಿಯೊಳಗೆ ಚಿತ್ರ, ಧ್ವನಿಗಳ ಜೊತೆಗೆ ಸಾಧನಗಳು ಪರಸ್ಪರ ಆದೇಶ ಕೊಡಲು ಒಂದು ಪ್ರತ್ಯೇಕ ಎಳೆ ಇದೆ. ಟಿವಿ ಆರಿಸಿದರೆ ಸೌಂಡ್‌ಬಾರ್ ತಾನೇ ಆರುವುದು, ಟಿವಿ ರಿಮೋಟಿನ ಧ್ವನಿ ಗುಂಡಿಯಿಂದಲೇ ಸೌಂಡ್‌ಬಾರ್ ನಡೆಯುವುದು ಇದರ ಮೂಲಕ. ಕಂಪನಿಗಳು ಇದಕ್ಕೆ ತಮ್ಮದೇ ಹೆಸರು ಇಟ್ಟುಕೊಂಡಿರುವುದರಿಂದ ಮೆನುವಿನಲ್ಲಿ ಹುಡುಕುವವರಿಗೆ ಸಿಗುವುದಿಲ್ಲ. ಸ್ಯಾಮ್ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ಪ್ಯಾನಸಾನಿಕ್‌ನಲ್ಲಿ ವಿಯೆರಾ ಲಿಂಕ್, ಫಿಲಿಪ್ಸ್‌ನಲ್ಲಿ ಈಸಿಲಿಂಕ್. ಸೌಂಡ್‌ಬಾರ್‌ನ ತಂತಿಯನ್ನು ಟಿವಿಯ ಹಿಂದೆ ‘ಎಆರ್‌ಸಿ’ ಎಂದು ಬರೆದಿರುವ ತೂತಿಗೇ ಸಿಕ್ಕಿಸಬೇಕು. ಪಕ್ಕದ ತೂತಿಗೆ ಹಾಕಿ ‘ಧ್ವನಿ ಬರುವುದಿಲ್ಲ’ ಎಂದು ಬರೆಯುವವರು ಬಹಳ.

ಟಿವಿಗೆ ಸಿಕ್ಕಿಸುವ ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ ಇರುವ ಮನೆಗಳಲ್ಲಿ ಇನ್ನೊಂದು ದಾರಿ ಉಂಟು. ಅದರ ರಿಮೋಟಿನಲ್ಲಿ ಧ್ವನಿ ಗುಂಡಿಗಳಿದ್ದರೆ ಅವು ಇನ್‌ಫ್ರಾರೆಡ್‌ನಿಂದ ಟಿವಿಯನ್ನೂ ಸೌಂಡ್‌ಬಾರನ್ನೂ ನಡೆಸಬಲ್ಲವು. ಸೆಟ್ಟಿಂಗ್ಸ್‌ನ ‘ಎಕ್ವಿಪ್‌ಮೆಂಟ್ ಕಂಟ್ರೋಲ್’ ಭಾಗದಲ್ಲಿ ಟಿವಿಯ ಕಂಪನಿ ಆರಿಸಿದರೆ ಸಾಕು.

ಇವು ಮೂರರಲ್ಲೂ ಆಗದಿದ್ದರೆ ಮುಂದೆ ಓದಿ.

ಹಂತ 2: ನಿಮ್ಮ ರಿಮೋಟ್‌ಗಳು ಯಾವ ಜಾತಿಯವು ಎಂದು ಪರೀಕ್ಷಿಸಿ

ಹಣ ವ್ಯರ್ಥವಾಗುವುದು ಹೆಚ್ಚಾಗಿ ಈ ಹಂತವನ್ನು ಬಿಟ್ಟದ್ದರಿಂದ. ಅಗ್ಗದ ಯೂನಿವರ್ಸಲ್ ರಿಮೋಟ್‌ಗಳು ಇನ್‌ಫ್ರಾರೆಡ್ ಮಾತ್ರ ಬಲ್ಲವು. ಬ್ಲೂಟೂತ್‌ನಿಂದ ನಡೆಯುವ ಸಾಧನಕ್ಕೆ ಅವು ಏನೂ ಮಾಡಲಾರವು.

ಪರೀಕ್ಷೆ ಸುಲಭ. ಮೊಬೈಲ್ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದಕ್ಕೆ ತೋರಿಸಿ ಗುಂಡಿ ಒತ್ತಿ ಹಿಡಿಯಿರಿ. ಪರದೆಯಲ್ಲಿ ನೇರಳೆ ಅಥವಾ ಬಿಳಿ ಮಿಣುಕು ಕಂಡರೆ ಅದು ಇನ್‌ಫ್ರಾರೆಡ್. ಹಿಂದಿನ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಸೋಸುಗಾಜು ಇರುವ ಮೊಬೈಲ್‌ಗಳಿವೆ, ಐಫೋನ್ ಅಂಥದು. ಆಗ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಕತ್ತಲೆಯ ಕೋಣೆಯಲ್ಲಿ ನೋಡಿದರೆ ಸ್ಪಷ್ಟ. ಎರಡನೆಯ ಪರೀಕ್ಷೆ: ರಿಮೋಟಿನ ಮೂತಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಒತ್ತಿ. ಆಗಲೂ ಸಾಧನ ಓಗೊಟ್ಟರೆ ಅದು ಬ್ಲೂಟೂತ್ ಅಥವಾ ರೇಡಿಯೊ ತರಂಗದ್ದು.

ಒಂದೇ ಗುಂಡಿಯನ್ನು ಪರೀಕ್ಷಿಸಿ ತೀರ್ಮಾನಕ್ಕೆ ಬರಬೇಡಿ. ಸ್ಮಾರ್ಟ್ ಟಿವಿಗಳ ರಿಮೋಟ್‌ಗಳಲ್ಲಿ ಪವರ್ ಗುಂಡಿ ಇನ್‌ಫ್ರಾರೆಡ್‌ನಲ್ಲೂ ಬಾಣದ ಗುಂಡಿಗಳು ಬ್ಲೂಟೂತ್‌ನಲ್ಲೂ ನಡೆಯುವುದುಂಟು. ಹಾಗಿದ್ದರೂ ಟಿವಿಯ ಮೈಯಲ್ಲಿ ಇನ್‌ಫ್ರಾರೆಡ್ ಗ್ರಾಹಕ ಇದ್ದೇ ಇರುತ್ತದೆ, ಸಿದ್ಧ ಕೋಡ್‌ನಿಂದ ಅದನ್ನು ನಡೆಸಬಹುದು; ಬ್ಲೂಟೂತ್ ಗುಂಡಿಯಿಂದ ನಕಲು ಮಾಡಲು ಮಾತ್ರ ಆಗದು. ಫೈರ್ ಟಿವಿ ಸ್ಟಿಕ್‌ನಲ್ಲಿ ಗ್ರಾಹಕವೇ ಇಲ್ಲ. ಅದನ್ನೂ ಒಳಗೊಳ್ಳಬೇಕಾದರೆ ಬ್ಲೂಟೂತ್ ಕೂಡ ಬಲ್ಲ ರಿಮೋಟ್ ಬೇಕು.

ಹಂತ 3: ಯಾವುದನ್ನು ಕೊಳ್ಳಬೇಕು

ಮೂರು ವರ್ಗಗಳಿವೆ.

ಮೊದಲನೆಯದು, ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಸರಳ ಲರ್ನಿಂಗ್ ರಿಮೋಟ್. ಚುಂಗ್‌ಹಾಪ್ ಈ ವರ್ಗದಲ್ಲಿ ಎಲ್ಲರೂ ಬಲ್ಲ ಹೆಸರು. ಮಂಗಳೂರಿನ ಹಂಪನಕಟ್ಟೆ ಸುತ್ತಮುತ್ತ, ಉಡುಪಿಯ ಪೇಟೆಯಲ್ಲಿ ಟಿವಿ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಕೇಳಿ ನೋಡಿ. ವಯಸ್ಸಾದವರಿಗಾದರೆ ದೊಡ್ಡ ಗುಂಡಿಗಳ, ಸಂಖ್ಯೆಯಲ್ಲಿ ಕಡಿಮೆ ಗುಂಡಿಗಳ ಮಾದರಿ ಆರಿಸಿ. ಅಂಗಡಿಗೆ ಹೋಗುವಾಗ ಮನೆಯ ರಿಮೋಟ್‌ಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಒಂದು ಗುಂಡಿಯನ್ನಾದರೂ ಅಲ್ಲೇ ಕಲಿಸಿ ನೋಡಿ.

ಎರಡನೆಯದು, ಮೊಬೈಲ್ ಆ್ಯಪ್‌ನಿಂದ ಹೊಂದಿಸುವ ಪ್ರೋಗ್ರಾಮೆಬಲ್ ರಿಮೋಟ್. ಸಣ್ಣ ಪರದೆ, ಹಲವು ಸಾಧನಗಳ ನೆನಪು, ಒಂದು ಗುಂಡಿಗೆ ಹಲವು ಆದೇಶಗಳ ಸರಪಳಿ, ಇವೆಲ್ಲ ಇರುತ್ತವೆ, ಬೆಲೆ ಸಾವಿರಗಳಲ್ಲಿ. ಸೋಫಾಬಾಟನ್ ಇದಕ್ಕೆ ಉದಾಹರಣೆ. ಈ ವರ್ಗಕ್ಕೆ ಹೆಸರು ತಂದ ಲಾಜಿಟೆಕ್ ಹಾರ್ಮನಿಯ ತಯಾರಿಕೆ ನಿಂತಿದೆ ಎಂದು ಕಂಪನಿ 2021ರ ಏಪ್ರಿಲ್‌ನಲ್ಲೇ ಹೇಳಿತು. ಯಾರಾದರೂ ಹಳೆಯ ಹಾರ್ಮನಿಯನ್ನು ಕಡಿಮೆ ಬೆಲೆಗೆ ಕೊಡುತ್ತೇವೆಂದರೆ ಆಲೋಚಿಸಿ. ಅದನ್ನು ಹೊಂದಿಸಲು ಕಂಪನಿಯ ಸರ್ವರ್‌ಗೆ ಸಂಪರ್ಕ ಬೇಕು, ಆ ಸೇವೆ ನಿಂತ ದಿನ ಹೊಸ ಸಾಧನ ಸೇರಿಸಲಾಗದು.

ಮೂರನೆಯದು ವೈಫೈ ಬ್ಲಾಸ್ಟರ್. ಇದು ಟಿವಿಯ ಎದುರು ಇಡುವ ಸಣ್ಣ ಡಬ್ಬಿ. ಮೊಬೈಲ್‌ನಿಂದ ಬಂದ ಆದೇಶವನ್ನು ಇನ್‌ಫ್ರಾರೆಡ್ ಆಗಿ ಸುತ್ತಲೂ ಸೂಸುತ್ತದೆ. ದೂರದಲ್ಲಿರುವ ಮಕ್ಕಳಿಗೆ ಇದರಿಂದಾಗುವ ಉಪಕಾರದ ಬಗ್ಗೆ ಕೊನೆಯಲ್ಲಿ ಬರೆದಿದ್ದೇನೆ.

ಶಿಯೋಮಿಯ ರೆಡ್‌ಮಿ ನೋಟ್ ಮಾಲೆಯ ಹಲವು ಫೋನ್‌ಗಳ ನೆತ್ತಿಯಲ್ಲೂ ಇನ್‌ಫ್ರಾರೆಡ್ ಎಲ್‌ಇಡಿ ಇದೆ. ರಿಮೋಟ್ ಕಳೆದುಹೋದ ದಿನ ಅದು ಕೈ ಹಿಡಿಯುತ್ತದೆ. ಆದರೆ ಮನೆಯವರೆಲ್ಲ ಬಳಸಬೇಕಾದ ರಿಮೋಟಿನ ಜಾಗದಲ್ಲಿ ಒಬ್ಬರ ಫೋನನ್ನು ಇಡಬೇಡಿ. ಫೋನಿನವರು ಪೇಟೆಗೆ ಹೋದರೆ ಉಳಿದವರು ಟಿವಿ ನೋಡುವುದು ಹೇಗೆ?

ಕೊಳ್ಳುವಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಸೆಲ್ ತೆಗೆದರೆ ಕಲಿತದ್ದು ಅಳಿಸಿಹೋಗುತ್ತದೆಯೇ? ಉತ್ತರ ನಂಬಿಕೆಗೆ ಬರದಿದ್ದರೆ ಒಂದೇ ಗುಂಡಿ ಕಲಿಸಿ, ಸೆಲ್ ತೆಗೆದು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ಅಳಿಸಿಹೋಗುವ ಮಾದರಿಯನ್ನು ಕೊಳ್ಳಬೇಡಿ.

ಹಂತ 4: ಕಾಗದದ ಮೇಲೆ ನಕ್ಷೆ ಬರೆದು, ಸಿದ್ಧ ಕೋಡ್ ಹಾಕಿ

ರಿಮೋಟ್ ಕೈಗೆ ಬಂದ ಕೂಡಲೇ ಗುಂಡಿ ಒತ್ತಲು ತೊಡಗಬೇಡಿ. ಬಳಸುವವರ ಪಕ್ಕದಲ್ಲಿ ಕುಳಿತು ಒಂದು ಸಂಜೆ ಅವರು ಏನೇನು ಒತ್ತುತ್ತಾರೆ ಎಂದು ನೋಡಿ. ಟಿವಿ ಹಾಕುವುದು, ಧ್ವನಿ, ವಾಹಿನಿ ಮೇಲೆ ಕೆಳಗೆ, ಧ್ವನಿ ಮುಚ್ಚುವುದು, ಮೂರು ನಾಲ್ಕು ಮೆಚ್ಚಿನ ವಾಹಿನಿಗಳು, ಆರಿಸುವುದು: ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಇರುವುದಿಲ್ಲ. ಹೊಸ ರಿಮೋಟಿನ ಚಿತ್ರ ಬರೆದು ಯಾವ ಗುಂಡಿಗೆ ಯಾವ ಸಾಧನದ ಯಾವ ಕೆಲಸ ಎಂದು ಗುರುತು ಮಾಡಿ. ಈ ಕಾಗದವೇ ಮುಂದೆ ನಿಮ್ಮ ದಾಖಲೆ.

ನಂತರ ಸಿದ್ಧ ಕೋಡ್. ರಿಮೋಟಿನ ಜೊತೆ ಬರುವ ಹಾಳೆಯಲ್ಲಿ ಕಂಪನಿಗಳ ಹೆಸರಿನ ಎದುರು ಮೂರು ಅಥವಾ ನಾಲ್ಕು ಅಂಕಿಯ ಸಂಖ್ಯೆಗಳಿರುತ್ತವೆ. ಹೆಚ್ಚಿನ ಮಾದರಿಗಳಲ್ಲಿ ಕ್ರಮ ಹೀಗೆ: ಸಾಧನದ ಹೆಸರಿನ ಗುಂಡಿಯನ್ನು, ಇಲ್ಲವೇ ‘ಸೆಟ್’ ಗುಂಡಿಯನ್ನು, ಕೆಂಪು ದೀಪ ನಿಂತು ಉರಿಯುವವರೆಗೆ ಒತ್ತಿ ಹಿಡಿಯಿರಿ, ಸಂಖ್ಯೆ ಒತ್ತಿ, ದೀಪ ಆರಿದರೆ ಒಪ್ಪಿಕೊಂಡಿತು ಎಂದರ್ಥ. ಒಂದು ತಯಾರಕರ ಕೋಡ್ ಪಟ್ಟಿ ಇನ್ನೊಬ್ಬರ ರಿಮೋಟಿಗೆ ಹೊಂದುವುದಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ಯಾವುದೋ ಪಟ್ಟಿಯನ್ನು ಹಿಡಿದು ಇಡೀ ಮಧ್ಯಾಹ್ನ ಕಳೆಯಬೇಡಿ.

ಪಟ್ಟಿಯ ಮೊದಲ ಕೋಡ್‌ನಲ್ಲಿ ಟಿವಿ ಆರಿತೆಂದು ಅಲ್ಲಿಗೇ ನಿಲ್ಲಿಸಬಾರದು. ಪವರ್ ಗುಂಡಿ ಹೊಂದಿ ಮೆನು ಗುಂಡಿ ಹೊಂದದ ಕೋಡ್‌ಗಳಿವೆ. ಧ್ವನಿ, ಮೂಲ (ಚಿತ್ರ ಯಾವ ತೂತಿನಿಂದ ಬರಬೇಕೆಂಬುದು) ಬದಲಿಸುವ ‘ಸೋರ್ಸ್’ ಗುಂಡಿ, ಬಾಣಗಳು, ‘ಓಕೆ’ ಇಷ್ಟನ್ನೂ ಪರೀಕ್ಷಿಸಿ, ಹೆಚ್ಚು ಗುಂಡಿಗಳು ಹೊಂದುವ ಕೋಡ್ ಉಳಿಸಿಕೊಳ್ಳಿ.

ಪಟ್ಟಿಯಲ್ಲಿ ಕಂಪನಿಯೇ ಇಲ್ಲದಿದ್ದರೆ ತಾನೇ ಹುಡುಕುವ ಸೌಲಭ್ಯ ಇರುತ್ತದೆ. ರಿಮೋಟ್ ಒಂದೊಂದೇ ಕೋಡ್ ಕಳುಹಿಸುತ್ತ ಹೋಗುತ್ತದೆ. ಟಿವಿ ಆರಿದ ಕ್ಷಣ ನೀವು ಒಂದು ಗುಂಡಿ ಒತ್ತಿ ನಿಲ್ಲಿಸಬೇಕು. ಕೈ ತಡವಾದರೆ ಮುಂದಿನ ಕೋಡ್‌ಗೆ ಹೋಗಿಬಿಡುತ್ತದೆ. ಪವರ್ ಬದಲು ಧ್ವನಿ ಗುಂಡಿಯಿಂದ ಹುಡುಕಲು ಬಿಡುವ ಮಾದರಿಯಾದರೆ ಹಾಗೆ ಮಾಡಿ, ಪರದೆಯಲ್ಲಿ ಧ್ವನಿಯ ಪಟ್ಟಿ ಮೂಡುವುದು ಕಣ್ಣಿಗೆ ಸುಲಭವಾಗಿ ಸಿಗುತ್ತದೆ.

ಹಂತ 5: ಉಳಿದ ಗುಂಡಿಗಳನ್ನು ಕಲಿಸಿ

ಸಿದ್ಧ ಕೋಡ್‌ನಲ್ಲಿ ಸಿಗದ ಗುಂಡಿಗಳನ್ನು ಮಾತ್ರ ಕಲಿಸಿ. ಎರಡೂ ರಿಮೋಟ್‌ಗಳಿಗೆ ಹೊಸ ಸೆಲ್ ಹಾಕಿ. ಸೆಲ್ ಕುಂದಿದ ಹಳೆಯ ರಿಮೋಟಿನಿಂದ ಕಲಿಸಿದರೆ ಸಂಕೇತ ಸರಿಯಾಗಿ ನಕಲಾಗದೆ ಒಮ್ಮೆ ಕೆಲಸ ಮಾಡಿ ಒಮ್ಮೆ ಮಾಡದೆ ಕಾಡುತ್ತದೆ.

(1) ಬಿಸಿಲು ಬೀಳದ ಮೇಜಿನ ಮೇಲೆ ಎರಡನ್ನೂ ಮೂತಿಗೆ ಮೂತಿ ಎದುರಾಗುವಂತೆ, ನಡುವೆ ಎರಡರಿಂದ ಐದು ಸೆಂಟಿಮೀಟರ್ ಬಿಟ್ಟು ಮಲಗಿಸಿ. ಒಂದು ತೆಳುವಾಗಿ ಇನ್ನೊಂದು ದಪ್ಪವಾಗಿದ್ದರೆ ತೆಳುವಿನ ಕೆಳಗೆ ಪುಸ್ತಕ ಇಟ್ಟು ಎಲ್‌ಇಡಿಗಳ ಎತ್ತರ ಸರಿಮಾಡಿ. ಕೋಣೆಯ ಸಿಎಫ್ಎಲ್ ದೀಪ ಆರಿಸಿ. ಅದರ ಮಿಟುಕು ಕಲಿಕೆಯಲ್ಲಿ ಸೇರಿಕೊಳ್ಳಬಹುದು.

(2) ಹೊಸ ರಿಮೋಟನ್ನು ಕಲಿಯುವ ಸ್ಥಿತಿಗೆ ತನ್ನಿ. ಅದರ ಕೈಪಿಡಿಯಲ್ಲಿ ಯಾವ ಗುಂಡಿ ಎಷ್ಟು ಸೆಕೆಂಡ್ ಹಿಡಿಯಬೇಕೆಂದು ಇರುತ್ತದೆ. ಸೆಟ್‌ಟಾಪ್ ಬಾಕ್ಸ್‌ಗಳ ರಿಮೋಟಿನಲ್ಲಿ ಸಾಮಾನ್ಯವಾಗಿ ಆ ಪ್ರತ್ಯೇಕ ಭಾಗದ ‘ಸೆಟ್’ ಅಥವಾ ಟಿವಿ ಪವರ್ ಗುಂಡಿಯನ್ನೇ ದೀಪ ಉರಿಯುವವರೆಗೆ ಹಿಡಿಯುವುದು.

(3) ಹೊಸದರಲ್ಲಿ ಕಲಿಯಬೇಕಾದ ಗುಂಡಿಯನ್ನು ಒಮ್ಮೆ ಒತ್ತಿ. ದೀಪ ಮಿಟುಕಿ ‘ಕಾಯುತ್ತಿದ್ದೇನೆ’ ಎಂದು ಸೂಚಿಸುತ್ತದೆ.

(4) ಹಳೆಯದರ ಗುಂಡಿಯನ್ನು ಒಮ್ಮೆ ಚುರುಕಾಗಿ ಒತ್ತಿ ಬಿಡಿ. ಒಪ್ಪಿಗೆಯ ಮಿಟುಕು ಬಾರದಿದ್ದರೆ ಎರಡನೆಯ ಸಲ ಒಂದೆರಡು ಸೆಕೆಂಡ್ ಹಿಡಿದು ನೋಡಿ.

(5) ಹೀಗೆಯೇ ಮುಂದಿನ ಗುಂಡಿ. ಎಲ್ಲ ಮುಗಿದ ಮೇಲೆ ‘ಸೆಟ್’ ಒತ್ತಿ ಹೊರಬನ್ನಿ. ನಡುವೆ ಬಿಟ್ಟು ಎದ್ದು ಹೋದರೆ ಕೆಲವು ಸೆಕೆಂಡುಗಳಲ್ಲಿ ಅದು ಕಲಿಯುವ ಸ್ಥಿತಿಯಿಂದ ತಾನೇ ಹೊರಬರುತ್ತದೆ.

ಐದಾರು ಗುಂಡಿ ಕಲಿಸಿದ ಮೇಲೆ ಒಮ್ಮೆ ಟಿವಿಯ ಎದುರು ಪರೀಕ್ಷಿಸಿ ಮುಂದುವರಿಯಿರಿ. ಎಲ್ಲವನ್ನೂ ಕಲಿಸಿ ಕೊನೆಗೆ ನೋಡಿದರೆ ತಪ್ಪು ಎಲ್ಲಿ ಆಯಿತೆಂದು ಹುಡುಕುವುದು ಕಷ್ಟ.

ಇಲ್ಲಿ ಎರಡು ತೊಡಕುಗಳು ಬಹಳ ಜನರನ್ನು ದಾರಿ ತಪ್ಪಿಸುತ್ತವೆ. ಫಿಲಿಪ್ಸ್ ರೂಪಿಸಿದ ಆರ್‌ಸಿ5, ಆರ್‌ಸಿ6 ಎಂಬ ಸಂಕೇತ ಪದ್ಧತಿಗಳಲ್ಲಿ ಗುಂಡಿಯನ್ನು ಪ್ರತಿ ಸಲ ಹೊಸದಾಗಿ ಒತ್ತಿದಾಗ ಸಂಕೇತದ ಒಂದು ಬಿಟ್ (0 ಅಥವಾ 1 ಎಂಬ ಅಂಕಿ) ಬದಲಾಗುತ್ತದೆ. ಒತ್ತಿ ಹಿಡಿದದ್ದು ಯಾವುದು, ಎರಡು ಸಲ ಒತ್ತಿದ್ದು ಯಾವುದು ಎಂದು ಟಿವಿ ತಿಳಿಯುವುದು ಹೀಗೆ. ಸರಳ ಲರ್ನಿಂಗ್ ರಿಮೋಟ್ ಆ ಬಿಟ್ಟನ್ನೂ ಹಾಗೆಯೇ ನಕಲು ಮಾಡಿಕೊಳ್ಳುವುದರಿಂದ ಅದು ಎಂದೂ ಬದಲಾಗುವುದಿಲ್ಲ. ಪರಿಣಾಮವಾಗಿ ‘11’ ಒತ್ತಿದರೆ ಟಿವಿ ‘1’ ಎಂದೇ ಓದಬಹುದು. ರಿಮೋಟ್ ಕೆಟ್ಟಿದೆಯೆಂದು ಹಿಂದಿರುಗಿಸಬೇಡಿ. ಆ ಸಾಧನಕ್ಕೆ ಕಲಿಸುವ ಬದಲು ಸಿದ್ಧ ಕೋಡ್ ಬಳಸಿ, ಸರಿಹೋಗುತ್ತದೆ. ಎರಡನೆಯ ತೊಡಕು ಸೋನಿಯದು. ಸೋನಿ ರಿಮೋಟ್ ಒಂದು ಒತ್ತಿಗೆ ಒಂದೇ ಸಂಕೇತವನ್ನು ಕನಿಷ್ಠ ಮೂರು ಬಾರಿ ಕಳುಹಿಸುತ್ತದೆ. ಒಂದೇ ಬಾರಿ ನಕಲು ಮಾಡಿಕೊಂಡ ರಿಮೋಟಿನ ಗುಂಡಿಯನ್ನು ಟಿವಿ ಲೆಕ್ಕಕ್ಕೆ ತೆಗೆದುಕೊಳ್ಳದಿರಬಹುದು. ಗುಂಡಿಯನ್ನು ತುಸು ಹೆಚ್ಚು ಹೊತ್ತು ಹಿಡಿದು ಒತ್ತುವುದು, ಅದಾಗದಿದ್ದರೆ ಮತ್ತೆ ಸಿದ್ಧ ಕೋಡ್, ಇವೇ ಪರಿಹಾರ.

ಹಳೆಯ ರಿಮೋಟ್ ಕಳೆದೇ ಹೋಗಿದ್ದರೆ? ಟಿವಿಯ ಹಿಂಬದಿಯ ಚೀಟಿಯಲ್ಲಿರುವ ಮಾದರಿ ಸಂಖ್ಯೆಯ ಚಿತ್ರ ತೆಗೆದು ಅದೇ ಮಾದರಿಯ ನಕಲಿ ರಿಮೋಟ್ ತನ್ನಿ, ಅದರಿಂದ ಕಲಿಸಿ. ಕೊಲ್ಲಿಯಿಂದ ತಂದ ಟಿವಿಗಳ ಮಾದರಿ ಸಂಖ್ಯೆ ಇಲ್ಲಿಯವುಗಳಿಗಿಂತ ಬೇರೆ ಇರುತ್ತದೆ. ಸಂಖ್ಯೆ ಪೂರ್ತಿ ಹೊಂದದಿದ್ದರೂ ಅದೇ ಕಂಪನಿಯ, ಅದೇ ಕಾಲದ ಟಿವಿಯ ರಿಮೋಟ್ ನಡೆಯುವುದುಂಟು.

ಹಂತ 6: ಧ್ವನಿ ಯಾವಾಗಲೂ ಒಂದೇ ಕಡೆಗೆ

ಯೂನಿವರ್ಸಲ್ ರಿಮೋಟಿನ ತಲೆಯಲ್ಲಿ ಟಿವಿ, ಎಸ್‌ಟಿಬಿ (ಸೆಟ್‌ಟಾಪ್ ಬಾಕ್ಸ್), ಆಡಿಯೊ ಎಂಬ ಗುಂಡಿಗಳಿರುತ್ತವೆ. ಯಾವುದನ್ನು ಒತ್ತಿದ್ದೀರೋ ಉಳಿದ ಗುಂಡಿಗಳೆಲ್ಲ ಆ ಸಾಧನಕ್ಕೆ ಸೇರುತ್ತವೆ. ಹಿರಿಯರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ. ಧ್ವನಿ ಹೆಚ್ಚಿಸಲು ‘ಆಡಿಯೊ’, ವಾಹಿನಿ ಬದಲಿಸಲು ‘ಎಸ್‌ಟಿಬಿ’ ಎಂದು ನೆನಪಿಟ್ಟು ಒತ್ತುವುದು ಅವರಿಂದ ಆಗುವ ಮಾತಲ್ಲ, ಆಗಬೇಕಾದ ಅಗತ್ಯವೂ ಇಲ್ಲ.

ಇದಕ್ಕೆ ಪಂಚ್‌ಥ್ರೂ ಎಂಬ ಸೌಲಭ್ಯವಿದೆ. ಯಾವ ಸಾಧನದ ಗುಂಡಿ ಒತ್ತಿದ್ದರೂ ಧ್ವನಿ ಗುಂಡಿಗಳು ಸೌಂಡ್‌ಬಾರಿಗೇ ಹೋಗುವಂತೆ ಅದು ಕಟ್ಟಿಹಾಕುತ್ತದೆ. ನಿಮ್ಮ ರಿಮೋಟಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೂ ಲರ್ನಿಂಗ್‌ನಿಂದ ಅದೇ ಫಲ ಸಿಗುತ್ತದೆ: ‘ಎಸ್‌ಟಿಬಿ’ ಸ್ಥಿತಿಯಲ್ಲೇ ಇದ್ದು ಧ್ವನಿ ಗುಂಡಿಗೆ ಸೌಂಡ್‌ಬಾರಿನ ರಿಮೋಟಿನಿಂದ, ಬೇರೊಂದು ಗುಂಡಿಗೆ ಟಿವಿಯ ಪವರನ್ನು ಕಲಿಸಿಬಿಡಿ. ಆಗ ಎಲ್ಲವೂ ‘ಎಸ್‌ಟಿಬಿ’ ಒಂದೇ ಸ್ಥಿತಿಯಲ್ಲಿ ನಡೆಯುತ್ತದೆ. ಉಳಿದ ಸಾಧನ ಗುಂಡಿಗಳ ಮೇಲೆ ದಪ್ಪ ಅಂಟುಪಟ್ಟಿ ಹಚ್ಚಿ ಮುಚ್ಚಿ. ನನ್ನ ದೃಷ್ಟಿಯಲ್ಲಿ ಇಡೀ ಹೊಂದಾಣಿಕೆಯಲ್ಲಿ ಅತಿ ಬೆಲೆಯುಳ್ಳ ಕೆಲಸ ಇದು.

ಧ್ವನಿ ಒಂದು ಒತ್ತಿಗೆ ಎರಡು ಮೆಟ್ಟಿಲು ಏರುತ್ತಿದ್ದರೆ ಟಿವಿ ಸಿಇಸಿ ಮೂಲಕವೂ ರಿಮೋಟ್ ನೇರವಾಗಿಯೂ ಸೌಂಡ್‌ಬಾರಿಗೆ ಆದೇಶ ಕೊಡುತ್ತಿವೆ ಎಂದರ್ಥ. ಎರಡರಲ್ಲಿ ಒಂದನ್ನು ನಿಲ್ಲಿಸಿ.

ಹಂತ 7: ಮ್ಯಾಕ್ರೋ, ಅಂದರೆ ಒಂದು ಒತ್ತಿಗೆ ಹಲವು ಆದೇಶ

ಟಿವಿ ಹಾಕು, ಸೆಟ್‌ಟಾಪ್ ಬಾಕ್ಸ್ ಹಾಕು, ಸೌಂಡ್‌ಬಾರ್ ಹಾಕು, ಮೂಲವನ್ನು ಎಚ್‌ಡಿಎಂಐ 1ಕ್ಕೆ ಬದಲಿಸು, ಇವೆಲ್ಲ ಒಂದೇ ಗುಂಡಿಯಲ್ಲಿ ಸಾಲಾಗಿ ಹೋಗುವಂತೆ ಮಾಡುವುದು ಮ್ಯಾಕ್ರೋ. ಆ್ಯಪ್‌ನಿಂದ ಹೊಂದಿಸುವ ರಿಮೋಟ್‌ಗಳು ಇದನ್ನೇ ‘ಆ್ಯಕ್ಟಿವಿಟಿ’ ಎಂದು ಕರೆಯುತ್ತವೆ. ಕೇಳಲು ಚೆಂದ. ಕೈಕೊಡುವುದೂ ಇದೇ.

ಕಾರಣ ಟಾಗಲ್. ಪವರ್ ಗುಂಡಿ ಹಳೆಯ ಕಾಲದ ದೀಪದ ದಾರದಂತೆ, ಎಳೆದರೆ ಹತ್ತುತ್ತದೆ, ಮತ್ತೆ ಎಳೆದರೆ ಆರುತ್ತದೆ. ಮ್ಯಾಕ್ರೋ ಒತ್ತುವಾಗ ಸೌಂಡ್‌ಬಾರ್ ಮೊದಲೇ ಹತ್ತಿದ್ದರೆ ಅದು ಆರಿಬಿಡುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ಇದು ದಿನದ ಮಾತು. ಕರೆಂಟ್ ಹೋಗಿ ಬಂದಾಗ ಸೆಟ್‌ಟಾಪ್ ಬಾಕ್ಸ್ ಸಾಮಾನ್ಯವಾಗಿ ತಾನೇ ಹತ್ತಿಕೊಳ್ಳುತ್ತದೆ, ಟಿವಿ ಹತ್ತುವುದಿಲ್ಲ. ಈಗ ಮ್ಯಾಕ್ರೋ ಒತ್ತಿದರೆ ಟಿವಿ ಹತ್ತಿ ಬಾಕ್ಸ್ ಆರುತ್ತದೆ, ಪರದೆ ನೀಲಿ.

ಇದಕ್ಕೆ ಸರಿಯಾದ ಮದ್ದು ಡಿಸ್ಕ್ರೀಟ್ ಕೋಡ್. ಹತ್ತಿಸಲು ಒಂದು, ಆರಿಸಲು ಇನ್ನೊಂದು ಎಂದು ಪ್ರತ್ಯೇಕ ಕೋಡ್‌ಗಳಿವು. ಕಂಪನಿಯ ರಿಮೋಟಿನಲ್ಲಿ ಅದರ ಗುಂಡಿ ಇಲ್ಲದಿದ್ದರೂ ಟಿವಿಗೆ ಆ ಕೋಡ್ ಅರ್ಥವಾಗುವುದುಂಟು. ಆ್ಯಪ್‌ನಲ್ಲಿ ಸಾಧನದ ಆದೇಶಗಳ ಪಟ್ಟಿ ತೆರೆದು ‘ಪವರ್ ಆನ್’, ‘ಪವರ್ ಆಫ್’, ‘ಎಚ್‌ಡಿಎಂಐ 1’ ಎಂದು ಬೇರೆ ಬೇರೆಯಾಗಿ ಇವೆಯೇ ನೋಡಿ. ಇದ್ದರೆ ಮ್ಯಾಕ್ರೋದಲ್ಲಿ ಅವನ್ನೇ ಬಳಸಿ. ಸೆಟ್‌ಟಾಪ್ ಬಾಕ್ಸನ್ನು ಆರಿಸಲು ಹೋಗದೆ ಯಾವಾಗಲೂ ಹತ್ತಿರುವಂತೆ ಬಿಟ್ಟು ಮ್ಯಾಕ್ರೋದಿಂದಲೇ ಹೊರಗಿಡುವುದು ಇನ್ನೊಂದು ಉಪಾಯ. ರಾತ್ರಿ ಗೋಡೆಯ ಸ್ವಿಚ್ಚಿನಿಂದ ಎಲ್ಲವನ್ನೂ ಆರಿಸುವ ಮನೆಗಳಲ್ಲಿ ಇದು ಚೆನ್ನಾಗಿ ಹೊಂದುತ್ತದೆ.

ಆದೇಶಗಳ ನಡುವೆ ಬಿಡುವು ಕೊಡಿ. ಸ್ಮಾರ್ಟ್ ಟಿವಿ ಹತ್ತಿಕೊಂಡು ಮುಂದಿನ ಆದೇಶ ಕೇಳುವ ಸ್ಥಿತಿಗೆ ಬರಲು ಹಲವು ಸೆಕೆಂಡುಗಳು ಬೇಕು, ಗೋಡೆಯ ಸ್ವಿಚ್ ಹಾಕಿದ ಮೇಲೆ ಮೊದಲ ಸಲವಾದರೆ ಇನ್ನೂ ಹೆಚ್ಚು. ಹತ್ತು ಸೆಕೆಂಡಿನಿಂದ ಆರಂಭಿಸಿ ಕ್ರಮೇಣ ಇಳಿಸಿ. ಮ್ಯಾಕ್ರೋ ಓಡುವಷ್ಟು ಹೊತ್ತು ರಿಮೋಟನ್ನು ಟಿವಿಯ ಕಡೆಗೇ ಹಿಡಿದಿರಬೇಕು ಎಂಬುದನ್ನು ಬಳಸುವವರಿಗೆ ಹೇಳಿಕೊಡಿ. ಒತ್ತಿ ಕೂಡಲೇ ರಿಮೋಟನ್ನು ಸೋಫಾದ ಮೇಲೆ ಮಗುಚಿಟ್ಟರೆ ಅರ್ಧ ಆದೇಶಗಳು ಮೆತ್ತೆಯೊಳಗೆ ಹೋಗುತ್ತವೆ.

ವಾಹಿನಿಯ ಸಂಖ್ಯೆಯನ್ನು ಮ್ಯಾಕ್ರೋದಲ್ಲಿ ಸೇರಿಸುವುದಾದರೆ ಒಂದು ಎಚ್ಚರಿಕೆ: ಸೇವೆ ಕೊಡುವವರು ಸಂಖ್ಯೆಗಳನ್ನು ಆಗಾಗ ಬದಲಿಸುತ್ತಾರೆ. ಬದಲಾದ ದಿನ ಅದನ್ನು ಸರಿಪಡಿಸುವವರು ಊರಿನಲ್ಲಿ ಇದ್ದರೆ ಮಾತ್ರ ಸೇರಿಸಿ.

ಎಸಿ ಮತ್ತು ಫ್ಯಾನ್

ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಈ ಪ್ರಶ್ನೆ ಹೆಚ್ಚು. ಎಸಿಯ ರಿಮೋಟ್ ಬೇರೆ ರೀತಿಯದು. ನೀವು ‘+’ ಒತ್ತಿದಾಗ ಅದು ‘ಒಂದು ಡಿಗ್ರಿ ಏರಿಸು’ ಎಂದಷ್ಟೇ ಹೇಳುವುದಿಲ್ಲ. ತನ್ನ ಪರದೆಯಲ್ಲಿರುವ ಉಷ್ಣತೆ, ಕೂಲ್ ಅಥವಾ ಡ್ರೈ, ಗಾಳಿಯ ವೇಗ, ರೆಕ್ಕೆಯ ಚಲನೆ ಎಲ್ಲವನ್ನೂ ಒಟ್ಟಾಗಿ ಕಳುಹಿಸುತ್ತದೆ. ಹಾಗಾಗಿ ‘+’ ಗುಂಡಿಯನ್ನು ಕಲಿಸಿದರೆ ಹೊಸ ರಿಮೋಟ್ ಪ್ರತಿ ಸಲವೂ ಅದೇ ಒಂದು ಉಷ್ಣತೆಯನ್ನೇ ಕಳುಹಿಸುತ್ತಿರುತ್ತದೆ.

ಹೀಗೆ ಮಾಡಿ. ಎಸಿ ರಿಮೋಟಿನಲ್ಲಿ 24 ಡಿಗ್ರಿ, ಕೂಲ್, ಕಡಿಮೆ ಗಾಳಿ ಎಂದು ಬರುವಂತೆ ಮಾಡಿ ಆ ಪೂರ್ತಿ ಸ್ಥಿತಿಯನ್ನು ಒಂದು ಗುಂಡಿಗೆ ಕಲಿಸಿ. ರಾತ್ರಿಗೆ 27 ಡಿಗ್ರಿ ಇನ್ನೊಂದಕ್ಕೆ. ಆರಿಸುವುದನ್ನು ಮೂರನೆಯದಕ್ಕೆ, ಪ್ರತ್ಯೇಕವಾಗಿ. ಎಸಿಗಳಲ್ಲಿ ಹತ್ತಿಸುವ ಮತ್ತು ಆರಿಸುವ ಸಂಕೇತ ಸಾಮಾನ್ಯವಾಗಿ ಬೇರೆ ಬೇರೆ. ಒಂದನ್ನೇ ಕಲಿಸಿದರೆ ಎಸಿ ಹತ್ತುತ್ತದೆ, ಆರುವುದಿಲ್ಲ. ಎಸಿಯ ಸಂಕೇತ ಉದ್ದವಾದ್ದರಿಂದ ಅಗ್ಗದ ಲರ್ನಿಂಗ್ ರಿಮೋಟ್‌ಗಳ ನೆನಪಿನಲ್ಲಿ ಹಿಡಿಯದಿರಬಹುದು. ಹಿಡಿಯದಿದ್ದರೆ ಎಸಿಗೆಂದೇ ಬರುವ ಯೂನಿವರ್ಸಲ್ ರಿಮೋಟ್ ತರುವುದು ಲೇಸು.

ರಿಮೋಟ್ ಇರುವ ಬಿಎಲ್‌ಡಿಸಿ (ಕಡಿಮೆ ವಿದ್ಯುತ್ ಬಳಸುವ ಮೋಟಾರಿನ) ಫ್ಯಾನ್‌ಗಳಲ್ಲಿ ಇನ್‌ಫ್ರಾರೆಡ್ ಬಳಸುವವು ಸುಲಭವಾಗಿ ಕಲಿಸಲು ಒಗ್ಗುತ್ತವೆ. ಗೇಟಿನ ಮೋಟಾರ್, ಕಾರಿನ ಬೀಗ ಇವು ರೇಡಿಯೊ ತರಂಗದವು. ಅವನ್ನು ಇದರಲ್ಲಿ ಸೇರಿಸುವ ಯೋಚನೆ ಬಿಡಿ.

ಹಂತ 8: ಪರೀಕ್ಷೆ ಮತ್ತು ಹಸ್ತಾಂತರ

ಬಳಸುವವರು ಕುಳಿತುಕೊಳ್ಳುವ ಕುರ್ಚಿಯಲ್ಲೇ ಕುಳಿತು ಪರೀಕ್ಷಿಸಿ. ಹತ್ತಿರದಿಂದ ಕೆಲಸ ಮಾಡಿ ದೂರದಿಂದ ಮಾಡದಿದ್ದರೆ ಮೊದಲು ನೋಡಬೇಕಾದದ್ದು ಟಿವಿಯ ಕೆಳಗಂಚು: ಗ್ರಾಹಕ ಅಲ್ಲಿರುತ್ತದೆ, ಎದುರು ಇಟ್ಟ ಸೌಂಡ್‌ಬಾರ್ ಅದನ್ನು ಮುಚ್ಚಿಬಿಡುತ್ತದೆ. ಸೌಂಡ್‌ಬಾರನ್ನು ನಾಲ್ಕು ಬೆರಳು ಕೆಳಗಿಳಿಸಿ. ಪಶ್ಚಿಮದ ಕಿಟಕಿಯಿಂದ ಸಂಜೆಯ ಬಿಸಿಲು ಟಿವಿಯ ಮೇಲೆ ನೇರವಾಗಿ ಬೀಳುವ ಮನೆಗಳಲ್ಲಿ ಆ ಹೊತ್ತಿಗೆ ಮಾತ್ರ ರಿಮೋಟ್ ಮಂಕಾಗುವುದುಂಟು. ಕಿಟಕಿಯ ಪರದೆ ಎಳೆದರೆ ಸರಿ.

ಗುಂಡಿಗಳ ಮೇಲೆ ಕನ್ನಡದಲ್ಲಿ ಹೆಸರಿನ ಚೀಟಿ ಅಂಟಿಸಿ: ‘ಟಿವಿ’, ‘ಜೋರು’, ‘ಮೆಲ್ಲ’, ‘ವಾರ್ತೆ’. ತಪ್ಪಿ ಒತ್ತಿದರೆ ಎಲ್ಲವನ್ನೂ ಅಡಿಮೇಲು ಮಾಡುವ ‘ಸೋರ್ಸ್’ ಗುಂಡಿಯನ್ನು ಮುಚ್ಚಿ. ಕೋಡ್ ಸಂಖ್ಯೆಗಳನ್ನು ಸಣ್ಣ ಕಾಗದದಲ್ಲಿ ಬರೆದು ಸೆಲ್ ಮುಚ್ಚಳದ ಒಳಗೆ ಅಂಟಿಸಿ. ಹಂತ 4ರ ನಕ್ಷೆಯ ಚಿತ್ರ ನಿಮ್ಮ ಮೊಬೈಲ್‌ನಲ್ಲಿರಲಿ.

ನಂತರ ನೀವು ಸುಮ್ಮನೆ ಕುಳಿತು ಅವರೇ ಮಾಡಲಿ. ಎಲ್ಲಿ ಕೈ ತಡೆಯುತ್ತದೋ ಅಲ್ಲಿ ಹೊಂದಾಣಿಕೆ ಬದಲಿಸಿ. ‘ಹೀಗೆ ಒತ್ತಿ ಎಂದು ಹೇಳಿದ್ದೇನಲ್ಲ’ ಎಂಬ ಮಾತು ಬೇಡ.

ಉಪ್ಪುಗಾಳಿ ಮತ್ತು ಮಳೆಗಾಲ

ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಕಡಲ ಗಾಳಿಯಲ್ಲಿ ಉಪ್ಪಿರುವ ಊರುಗಳಲ್ಲಿ ರಿಮೋಟ್ ಕೆಡುವುದು ಹೆಚ್ಚಾಗಿ ಸೆಲ್‌ನ ಜಾಗದಿಂದ. ಹಸಿರು ಅಥವಾ ಬಿಳಿ ಪುಡಿ ಕಟ್ಟಿದ ಸ್ಪ್ರಿಂಗ್ ಅದರ ಗುರುತು. ಆಲ್ಕಲೈನ್ ಸೆಲ್ ಸೋರಿದ ಬಿಳಿ ಪುಡಿಯನ್ನು ವಿನೆಗರ್ ಅಥವಾ ಲಿಂಬೆರಸ ತಾಗಿಸಿದ ಹತ್ತಿಯ ತುದಿಯಿಂದ ಒರೆಸಿ, ನಂತರ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಸ್ವಚ್ಛ ಮಾಡಿ ಪೂರ್ತಿ ಒಣಗಿಸಿ. ಪುಡಿ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಹಳೆಯ ಸೆಲ್ ಒಂದು, ಹೊಸದು ಒಂದು ಎಂದು ಬೆರೆಸಬೇಡಿ. ಸೋರಿಕೆಗೆ ಅದೂ ಒಂದು ಕಾರಣ. ಮರುಚಾರ್ಜ್ ಮಾಡುವ ಸೆಲ್‌ಗಳ ವೋಲ್ಟೇಜ್ 1.2; ಸಾಮಾನ್ಯ ಸೆಲ್‌ಗಳದ್ದು 1.5. ಕೆಲವು ರಿಮೋಟ್‌ಗಳು ಕಡಿಮೆ ವೋಲ್ಟೇಜ್‌ನಲ್ಲಿ ಕಲಿಯಲು ತಡವರಿಸುತ್ತವೆ, ಕಲಿಸುವಾಗಲಾದರೂ 1.5ರದ್ದನ್ನೇ ಹಾಕಿ.

ರಿಮೋಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವ ಪದ್ಧತಿ ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇದೆ. ಬೇಸಿಗೆಯಲ್ಲಿ ಧೂಳು ತಡೆಯುತ್ತದೆ, ಸರಿ. ಜೂನ್ ಬಂದ ಮೇಲೆ ಅದೇ ಹೊದಿಕೆ ತೇವವನ್ನು ಒಳಗೆ ಹಿಡಿದಿಡುತ್ತದೆ. ಮಳೆಗಾಲದಲ್ಲಿ ತೆಗೆದುಬಿಡಿ.

ದೂರದಲ್ಲಿರುವ ಮಕ್ಕಳಿಗೆ

ಬ್ರಾಡ್‌ಲಿಂಕ್ ಆರ್‌ಎಂ4 ಮಿನಿಯಂತಹ ವೈಫೈ ಬ್ಲಾಸ್ಟರ್ ಒಂದನ್ನು ಟಿವಿಯ ಎದುರಿನ ಗೋಡೆಯ ಕಪಾಟಿನಲ್ಲಿಟ್ಟು ಅದಕ್ಕೂ ಇವೇ ಗುಂಡಿಗಳನ್ನು ಕಲಿಸಿದರೆ, ಮನೆಯಲ್ಲಿ ಅಂತರ್ಜಾಲ ಇರುವಷ್ಟು ಹೊತ್ತು ನೀವು ಎಲ್ಲಿಂದಲಾದರೂ ನಿಮ್ಮ ಮೊಬೈಲ್‌ನಿಂದ ಟಿವಿಯ ಮೂಲವನ್ನು ಸರಿಮಾಡಬಹುದು. ವೀಡಿಯೊ ಕರೆಯಲ್ಲಿ ‘ಯಾವ ಗುಂಡಿ, ಎಲ್ಲಿದೆ’ ಎಂದು ಅರ್ಧ ತಾಸು ವಿವರಿಸುವುದು ತಪ್ಪುತ್ತದೆ. ಇದು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತದೆ. ರೂಟರ್‌ನಲ್ಲಿ 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿದ್ದು ಜೋಡಣೆ ವಿಫಲವಾಗುತ್ತಿದ್ದರೆ ಹೊಂದಿಸುವಷ್ಟು ಹೊತ್ತು 5ನ್ನು ಆಫ್ ಮಾಡಿಡಿ. ಡಬ್ಬಿಯಿಂದ ಟಿವಿಗೆ ಅಡ್ಡ ಏನೂ ಇರಬಾರದು. ಇನ್‌ಫ್ರಾರೆಡ್ ಗೋಡೆ ದಾಟುವುದಿಲ್ಲ, ಹಾಗಾಗಿ ಕೋಣೆಗೊಂದು ಬೇಕು. ದೂರದಿಂದ ಎಸಿ ಹಾಕುವ ಮೊದಲು ಮನೆಗೆ ಫೋನ್ ಮಾಡಿ ಹೇಳಿ.

ಹಳೆಯ ರಿಮೋಟ್‌ಗಳನ್ನು ಎಸೆಯಬೇಡಿ. ಕಲಿಸಿದ್ದು ಅಳಿಸಿಹೋದರೆ, ಟಿವಿಯ ಒಳ ಮೆನುವಿನ ಯಾವುದೋ ಗುಂಡಿ ಬೇಕಾದರೆ ಅವೇ ಬೇಕು. ಸೆಲ್ ತೆಗೆದು, ಯಾವುದು ಯಾವ ಸಾಧನದ್ದು ಎಂದು ಬೆನ್ನಿಗೆ ಚೀಟಿ ಅಂಟಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕಪಾಟಿನ ಮೇಲಿನ ಅರೆಯಲ್ಲಿಡಿ. ಡಬ್ಬಿ ಎಲ್ಲಿದೆ ಎಂದು ಅಪ್ಪ ಅಮ್ಮನಿಗೂ ಪಕ್ಕದ ಮನೆಯವರಿಗೂ ತಿಳಿಸಿ.